ಕಿಬುಯಾಗನ ದನಿಗೊಂದು ಪ್ರಾಸೆಸರ್

ಒಂದು ಪ್ರಾಸೆಸರ್ ಬಿಸ್ಕತ್ತಿನಷ್ಟಿದೆ, ಇನ್ನೊಂದು ಎರಡು ಬಿಸ್ಕತ್ತು ಒತ್ತಿಟ್ಟಷ್ಟು, ಎರಡರ ಬೆನ್ನಿಗೂ ಬೆಳ್ಳಿಯ ಬಣ್ಣ, ಎರಡರ ಮೇಲೂ ಕಂಪ್ಯೂಟರ್ ಅಂಗಡಿಯ ಮುಗೆರ್ವಾನ ಹೆಬ್ಬೆಟ್ಟಿನ ಜಿಡ್ಡು, ಚಪಾತಿಯೊಳಗೆ ಮೊಟ್ಟೆ ಸುತ್ತಿದ ರೋಲೆಕ್ಸ್ ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದಿದ್ದಾನೆ ಮಹಾರಾಯ, ಇದರೊಳಗೆ ಅಪ್ಪನ ದನಿಯನ್ನು ಇಡುತ್ತೇನೆಂದು ಹೊರಟಿದ್ದೇನಲ್ಲ ನಾನು, ಹಿಡಿಸುತ್ತದೆಯೇ ಇದರಲ್ಲಿ ಅದು, ಅಂದುಕೊಂಡಳು ನಂಕ್ಯಾ, ಸಿನಿಮಾಕ್ಕೆ ಮಾತು ಕೊಡುವ ವೀಜೇ ಕಿಬುಯಾಗನ ದನಿ, ಕಿಬುಯಾಗ ಅಂದರೆ ಬಿರುಗಾಳಿ, ಹಲಗೆ ಗೋಡೆಯ ಸಿನಿಮಾ ಕೊಟ್ಟಿಗೆಯಲ್ಲಿ ಎದ್ದರೆ ರಸ್ತೆಯಾಚೆಯ ಮರ ಕೊಯ್ಯುವ ಗರಗಸಗಳ ಸದ್ದನ್ನೂ ಮೀರಿ ಕಂಪಾಲಾದ ನ್ದೇಬಾ ವೃತ್ತದವರೆಗೆ ಕೇಳುತ್ತಿದ್ದ ದನಿ — ಇವನೇನೋ ಹೇಳುತ್ತಿದ್ದಾನೆ, ಕೇಳಿಸಿಕೊಳ್ಳಬೇಕು, ನೋಡಿ ನ್ಯಾಬೋ, ಅಮ್ಮಾವ್ರೇ, ಈ ಚಿಕ್ಕದು ಆಟ ಆಡೋರದು, ಗೇಮಿಂಗ್, ಆ ದೊಡ್ಡದು ಸರ್ವರಿಂದು, ಇದು ಬಾಡಿಗೆಗೆ ಓಡೋ ಬೋಡಾ ಬೈಕು, ಅದು ಲಾರಿ, ಅಷ್ಟೇ ತಿಳ್ಕೊಳಿ, ಬೋಡಾ ಒಬ್ಬರನ್ನ ಕೂರಿಸ್ಕೊಂಡು ಸಂದೀಲಿ ನುಗ್ಗಿ ನೀವು ಬಟ್ಟೆ ಸರಿ ಮಾಡ್ಕೊಳೋದ್ರೊಳಗೆ ಮುಟ್ಟಿಸಿಬಿಡುತ್ತೆ, ಲಾರಿ ಮತೋಕೆ ಬಾಳೆಗೊನೆ ಹೇರ್ಕೊಂಡು ನಿಧಾನಕ್ಕೆ ಬರುತ್ತೆ, ಆದ್ರೆ ಒಂದು ಗೊನೇನೂ ಕೆಳಗೆ ಬೀಳಿಸಲ್ಲ, ನಿಮ್ಗೆ ಯಾವ್ದು ಬೇಕು ಅಂತ ನಾನೆಂಗೆ ಹೇಳ್ಲಿ, ಏನು ಸಾಗಿಸ್ಬೇಕು ನೀವು, ಅದನ್ನ ಹೇಳಿ. ಏನು ಸಾಗಿಸಬೇಕು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುತ್ತಾನೆ, ಆದರೆ ಕೇಳಿದ್ದು ಮಾತ್ರ ಸರಿಯಾಗಿಯೇ ಇದೆ, ಅದಕ್ಕೇ ಅವಳಿಗೆ ಸಿಟ್ಟು ಬಂತು.

ಕೆಲಸಕ್ಕೆ, ಅಂದಳು, ಕೆಲಸಕ್ಕೇ ಎಲ್ರೂ ತಗೊಳೋದು ನ್ಯಾಬೋ, ಅಂದ ಅವನು, ಸರಿ, ಏನು ಹೇಳಲಿ ಇವನಿಗೆ, ನಮ್ಮಪ್ಪ ಯಾವುದೋ ದೇಶದ ಸಿನಿಮಾವನ್ನು ನಮ್ಮ ಮಾತಿನಲ್ಲಿ ಹೇಳುವವನು ಅನ್ನಲೇ, ಅದು ಈ ಕಂಪಾಲಾದಲ್ಲಿ ಯಾರಿಗೆ ಗೊತ್ತಿಲ್ಲ, ವೀಜೇ ಇಲ್ಲದೆ ಸಿನಿಮಾ ನೋಡುವವರು ಯಾರಿದ್ದಾರೆ, ಪರದೆಯ ಮೇಲೆ ಚೀನಾದವನೋ ಅಮೆರಿಕದವನೋ ಬಾಯಿ ಆಡಿಸುತ್ತಾನೆ, ಪಕ್ಕದಲ್ಲಿ ಮೇಜಿನ ಮುಂದೆ ಕೂತ ಅಪ್ಪ ಮೈಕು ಹಿಡಿದು ಅವನ ಮಾತು ಆಡುತ್ತಾನೆ, ಅವನ ಹೆಂಡತಿಯ ಮಾತು, ಅತ್ತೆಯ ಮಾತು, ಕಳ್ಳನ ಮಾತು, ಪೊಲೀಸಿನ ಮಾತು, ನಾಯಿ ಬೊಗಳಿದರೆ ನಾಯಿ ಏನಂದಿತು ಅಂತಲೂ ಹೇಳುತ್ತಾನೆ, ಸುಮ್ಮನೆ ಅರ್ಥ ಹೇಳುವುದಿಲ್ಲ, ಖಳನಾಯಕನಿಗೆ ನ್ದೇಬಾದ ಹಲಗೆ ವ್ಯಾಪಾರಿಯ ಹೆಸರಿಟ್ಟು ಬೈಯುತ್ತಾನೆ, ಆ ವ್ಯಾಪಾರಿಯೇ ಎರಡನೆಯ ಸಾಲಿನಲ್ಲಿ ಕೂತು ಹೊಟ್ಟೆ ಹಿಡಿದು ನಗುತ್ತಾನೆ, ಅಪ್ಪನ ಪಕ್ಕದಲ್ಲಿ ಇಷ್ಟು ವರ್ಷವೂ ನಂಕ್ಯಾ, ಅಪ್ಪ ಬಾಯಿ ತೆರೆದಾಗ ಸಿನಿಮಾದ ಸದ್ದು ಇಳಿಸುವುದು, ಮುಚ್ಚಿದಾಗ ಏರಿಸುವುದು, ಅವನ ಉಸಿರು ನೋಡಿಕೊಂಡೇ ಬೆರಳು ಆಡಬೇಕು, ಮಾತು ಬರುವ ಮೊದಲು ಅವನ ಭುಜ ಒಂದು ಚೂರು ಏಳುತ್ತದೆ, ಅದು ಅವಳಿಗೊಬ್ಬಳಿಗೇ ಗೊತ್ತು — ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ, ಎರಡೂ ಬಲ್ಲ ಅಪ್ಪನಿಗೇ ಗಂಟಲಿನಲ್ಲಿ ಗಡ್ಡೆ ಬಂತು, ಡಾಕ್ಟರಮ್ಮ ಕಾಗದದ ಮೇಲೆ ಕೊಳವೆಯ ಹಾಗೆ ಏನೋ ಬರೆದು ಅದರ ನಡುವಿನ ತುಂಡಿಗೆ ಕಾಟು ಹಾಕಿದಳು, ಇದನ್ನ ಪೂರ್ತಿ ತೆಗೀಬೇಕು, ತೆಗೆದ್ರೆ ಬದುಕ್ತಾರೆ, ಮಾತು ಹೋಗುತ್ತೆ, ಅಂದಳು, ಆಪರೇಷನ್ ಶುಕ್ರವಾರ, ಅಂದಳು. ಅಪ್ಪ ಆ ಕಾಗದವನ್ನೇ ನೋಡುತ್ತಾ, ಡಾಕ್ಟರೇ, ಚಿತ್ರ ಚೆನ್ನಾಗಿ ಬರೀತೀರ, ಆದ್ರೆ ಕಥೆ ಸ್ವಲ್ಪ ನೀರಸ, ಅಂದ. ಡಾಕ್ಟರಮ್ಮ ನಕ್ಕಳು.

ಸರ್ವರ್ ಅಂದರೆ ಹಳೆಯದೇ ಇರಬೇಕಲ್ಲ, ಅಂದಳು ಈಗ, ಏನಾದರೂ ಕೇಳಬೇಕು ಅಂತ, ಹಳೇದೇ, ಅಂದ ಮುಗೆರ್ವಾ ಒಂದಿಷ್ಟೂ ನಾಚದೆ, ಹೊರದೇಶದ ಯಾವುದೋ ದೊಡ್ಡ ಕಚೇರೀಲಿ ಹಗಲೂ ರಾತ್ರಿ ದುಡಿದು ನಿವೃತ್ತಿ ಆಗಿ ಬಂದಿದೆ, ಇನ್ನೂ ಗಟ್ಟಿ ಮುದುಕ, ಒಳಗೆ ಇಪ್ಪತ್ತು ಜನ ಕೂತ ಹಾಗೆ ಲೆಕ್ಕ, ಒಬ್ಬೊಬ್ರೂ ನಿಧಾನ, ಆದ್ರೆ ಇಪ್ಪತ್ತು ಜನ, ಇದರ ಜೊತೆ ಇದರದ್ದೇ ಮದರ್‌ಬೋರ್ಡು, ಇದರದ್ದೇ ಮೆಮೊರಿ ತಗೋಬೇಕು, ಆ ಮೆಮೊರಿ ಇದೆಯಲ್ಲ, ಎಲ್ಲಾದ್ರೂ ಒಂದಕ್ಷರ ತಪ್ಪಿದ್ರೆ ತಾನೇ ಕಂಡುಹಿಡಿದು ತಿದ್ದಿಬಿಡುತ್ತೆ, ಗೇಮಿಂಗಿನದು ಹಂಗಲ್ಲ, ತಪ್ಪಿದ್ರೆ ತಪ್ಪಿತು, ಮುಂದೆ ಓಡ್ತಾ ಇರುತ್ತೆ. ತಪ್ಪಿದರೆ ತಪ್ಪಿತು ಮುಂದೆ ಓಡುವುದು, ಅದು ಅಪ್ಪನೇ ಅಲ್ಲವೇ, ಒಮ್ಮೆ ಕುಂಗ್‌ಫೂ ಸಿನಿಮಾದಲ್ಲಿ ನಾಯಕನ ಅಣ್ಣನನ್ನೇ ನಾಯಕನ ಅಪ್ಪ ಅಂದುಕೊಂಡು ಅರ್ಧ ಕಥೆ ಹೇಳಿಬಿಟ್ಟಿದ್ದ, ಆಮೇಲೆ ನಿಜವಾದ ಅಪ್ಪ ಪರದೆಯ ಮೇಲೆ ಬಂದಾಗ, ಇವನೂ ಅಪ್ಪನೇ, ಆ ಮನೇಲಿ ಜಗಳ ಬೇರೆ ಇದೆ, ಆಮೇಲೆ ಹೇಳ್ತೀನಿ, ಅಂದ, ಕೊಟ್ಟಿಗೆ ಕುಣಿಯಿತು, ಇಂಥದ್ದನ್ನು ತಿದ್ದುವ ಮೆಮೊರಿ ಯಾಕೆ ಬೇಕು — ಬೇಕು, ಬೇಕು, ಸುಮ್ಮನಿರು, ಅದು ಬೇರೆ ತಪ್ಪು ಇದು ಬೇರೆ ತಪ್ಪು, ತಿಂಗಳುಗಟ್ಟಲೆ ಯಂತ್ರ ಒಂದೇ ಸಮನೆ ದುಡಿಯಬೇಕಾದರೆ ಗಟ್ಟಿಯಾದದ್ದೇ ಬೇಕು, ಬಬಿರ್ಯೆ ಹೇಳಿಲ್ಲವೇ.

ಬಬಿರ್ಯೆ ಅವಳ ಜೊತೆ ಓದಿದವಳು, ಈಗ ಕಂಪ್ಯೂಟರಿನ ಟೀಚರಾಗಿದ್ದಾಳೆ, ಅವಳೇ ಈ ಹುಳ ತಲೆಗೆ ಬಿಟ್ಟದ್ದು, ನಿಮ್ಮಪ್ಪಂದು ಅಷ್ಟೊಂದು ಸಿನಿಮಾ ಇವೆಯಲ್ಲೇ, ಅಷ್ಟನ್ನೂ ಯಂತ್ರಕ್ಕೆ ಕೇಳಿಸಿದ್ರೆ ಅದು ಅವರ ಹಾಗೇ ಮಾತಾಡೋದು ಕಲಿಯುತ್ತೆ, ನೀನು ಬರೆದು ಕೊಟ್ರೆ ಅದು ಹೇಳುತ್ತೆ, ಅವರ ದನೀಲೇ, ಹೊಸ ಸಿನಿಮಾನೂ ಮಾಡ್ಬೋದು, ನಿಧಾನಕ್ಕಾಗುತ್ತೆ ಅಷ್ಟೇ, ಗಟ್ಟಿ ಯಂತ್ರ ಬೇಕು — ಅವತ್ತು ನಂಕ್ಯಾ ಮನೆಗೆ ಹಾರಿಕೊಂಡೇ ಬಂದಿದ್ದಳು, ಶುಕ್ರವಾರ ಅನ್ನುವುದು ಅಷ್ಟೇನೂ ದೊಡ್ಡದಲ್ಲ ಅನ್ನಿಸಿತ್ತು, ಗಂಟಲು ಅವರು ತೆಗೆದುಕೊಳ್ಳಲಿ, ದನಿ ನನ್ನ ಹತ್ತಿರ ಇರುತ್ತದೆ, ಕೊಟ್ಟಿಗೆಯಲ್ಲಿ ಅಪ್ಪ ಅದೇ ಮೇಜಿನ ಮುಂದೆ ಕೂರುತ್ತಾನೆ, ಯಂತ್ರ ಮಾತಾಡುತ್ತದೆ, ನಾನು ಎಂದಿನಂತೆ ಸದ್ದು ಏರಿಸಿ ಇಳಿಸುತ್ತೇನೆ, ಯಾರೂ ನನ್ನನ್ನು ಏನೂ ಕೇಳುವುದಿಲ್ಲ, ಎಲ್ಲ ಮೊದಲಿನ ಹಾಗೆ — ಆಮೇಲೆ ಬಬಿರ್ಯೆ ಒಂದು ಹಳೆಯ ಸಿನಿಮಾ ಹಾಕಿ ಚೂರು ಪರೀಕ್ಷೆ ಮಾಡಿ ನೋಡಿದಳು, ಮುಖ ಸಣ್ಣದು ಮಾಡಿಕೊಂಡಳು, ಇದೇನೇ ಇದು, ಬರೀ ಮಾತು ಇರೋ ಪ್ರತಿ ಇಲ್ವಾ, ಅಂದಳು. ಎಲ್ಲಿಂದ ಬರಬೇಕು. ನಮ್ಮಲ್ಲಿ ಯಾರಾದರೂ ಮಾತನ್ನು ಬೇರೆ ಇಟ್ಟಿದ್ದಾರೆಯೇ, ಸಿನಿಮಾ ಓಡುತ್ತಿರುತ್ತದೆ, ವೀಜೇ ಅದರ ಮೇಲೇ ಮಾತಾಡುತ್ತಾನೆ, ಅದು ಹಾಗೇ ಒಂದೇ ಸಲಕ್ಕೆ ಇಳಿದುಬಿಡುತ್ತದೆ, ಸಾರಿಗೆ ಉಪ್ಪು ಹಾಕಿ ಕುದಿಸಿದ ಮೇಲೆ ಉಪ್ಪು ತೆಗೆದು ಕೊಡಿ ಅಂದರೆ ಯಾರು ಕೊಡುತ್ತಾರೆ, ಅಪ್ಪನ ಮಾತಿನ ಕೆಳಗೆಲ್ಲ ಗುಂಡಿನ ಸದ್ದು, ಹೆಲಿಕಾಪ್ಟರು, ಯಾರೋ ಚೀನಾದ ಹೆಂಗಸು ಅಳುವುದು, ಬಬಿರ್ಯೆಯ ಯಂತ್ರ ಅದರಿಂದಲೇ ಏನೋ ಕಲಿತು ಒಂದು ವಾಕ್ಯ ಹೇಳಿತು, ಮಗಳೇ ಹೇಗಿದ್ದೀಯ ಅಂತ, ಅಪ್ಪನ ದನಿಯೇ, ಆದರೆ ಕತ್ತಿಗೆ ಚಾಕು ಇಟ್ಟ ರೌಡಿ ಕೇಳಿದ ಹಾಗೆ, ಹಿಂದೆ ಕುದುರೆಯ ಗೊರಸಿನ ಸದ್ದು. ಇಬ್ಬರೂ ನಕ್ಕರು ಮೊದಲು. ಆಮೇಲೆ ಬಬಿರ್ಯೆ ಅವಳ ಬೆನ್ನು ಸವರಿದಳು, ಯಾಕಂದರೆ ನಂಕ್ಯಾ ನಗುತ್ತಿರಲಿಲ್ಲ.

ತೊಳೆಯಬಹುದು, ಅಂದಿದ್ದಳು ಬಬಿರ್ಯೆ, ಗುಂಡು ಬೇರೆ ಮಾತು ಬೇರೆ ಮಾಡೋದಿದೆ, ಆದ್ರೆ ಅಷ್ಟು ಸಿನಿಮಾ ತೊಳೆಯೋಕೆ ಗಟ್ಟಿ ಸರ್ವರೇ ಬೇಕು, ಮಳೆಗಾಲ ಕಳೆಯೋವರೆಗೂ ಓಡ್ತಾ ಇರ್ಬೇಕು — ಇಲ್ಲ ಅಂದ್ರೆ ಇನ್ನೊಂದು ದಾರಿ, ಶುಕ್ರವಾರದೊಳಗೆ ನಿಮ್ಮಪ್ಪನ್ನ ಕೂರಿಸಿ ಬರೀ ಮಾತು ಹಿಡ್ಕೋ, ಅದಕ್ಕೆ ತಡವರಿಸದ ಯಂತ್ರ ಸಾಕು, ಗೇಮಿಂಗಿಂದೇ ಸಾಕು. ಎರಡೂ ಕೊಳ್ಳುವ ಶಕ್ತಿಯಿಲ್ಲ, ಅತ್ತ ದರಿ ಇತ್ತ ಪುಲಿ, ಅಪ್ಪನನ್ನು ಕೂರಿಸುವುದು ಅಂದರೆ ಅದೇನು ಸುಲಭದ ಮಾತೇ, ಮೊನ್ನೆ ನಂಕ್ಯಾ ಬಬಿರ್ಯೆ ಕೊಟ್ಟ ವಾಕ್ಯಗಳನ್ನು ಅವನ ಮುಂದಿಟ್ಟಳು, ಇವತ್ತು ಆಕಾಶ ನಿರ್ಮಲವಾಗಿದೆ, ಮಾರುಕಟ್ಟೆಯಲ್ಲಿ ಬಾಳೆಕಾಯಿ ಸಿಗುತ್ತದೆ, ಅಪ್ಪ ಓದಿದ, ಆಕಾಶ ನಿರ್ಮಲವಾಗಿದೆ ಅನ್ನುವುದನ್ನು ಬಾಂಬು ಬೀಳುವ ಮೊದಲು ಸೈನಿಕ ಹೇಳುವ ಹಾಗೆ, ಬಾಳೆಕಾಯಿ ಸಿಗುತ್ತದೆ ಅನ್ನುವುದನ್ನು ಗಂಡನಿಗೆ ವಿಷ ಹಾಕಲು ಹೊರಟ ಹೆಂಡತಿಯ ಹಾಗೆ, ಅಪ್ಪ, ನಿಮ್ ದನೀಲಿ ಹೇಳಿ, ಅಂದಳು, ಇದೇ ಕಣಮ್ಮ ನನ್ ದನಿ, ಅಂದ, ಅಲ್ಲ, ಮನೆ ದನಿ, ಅಂದಳು, ಮನೆ ದನೀಗೆ ಯಾರು ದುಡ್ಡು ಕೊಟ್ಟು ಕೇಳ್ತಾರೆ, ಅಂದ, ಅಂದು ಎದ್ದು ಹೊರಗೆ ಹೋಗಿ ಕೋಳಿ ಮಾರುವವನ ಜೊತೆ ಚೌಕಾಸಿಗೆ ನಿಂತ, ಬೇಕಿಲ್ಲದ ಕೋಳಿ, ಅರ್ಧ ಬೆಳಗು ಹಾಳಾಯಿತು, ಅವಳು ಬಾಗಿಲ ಸಂದಿಯಲ್ಲಿ ನಿಂತು ಉರಿದುಕೊಂಡಳು, ಒಂದೊಂದು ಮಾತೂ ಗಾಳಿಗೆ ಹೋಗುತ್ತಿದೆಯಲ್ಲ, ಯಾವನೋ ಕೋಳಿಯವನಿಗೆ ಸಿಗುತ್ತಿದೆಯಲ್ಲ — ಅವತ್ತಿನಿಂದ ಫೋನನ್ನು ಜೇಬಿನಲ್ಲಿ ರೆಕಾರ್ಡಿಗೆ ಇಟ್ಟುಕೊಂಡೇ ಅವನ ಹಿಂದೆ ತಿರುಗಿದಳು, ಅವನಿಗೆ ಗೊತ್ತಾಯಿತು, ಅವಳು ಹತ್ತಿರ ಬಂದರೆ ಬಾಯಿ ಮುಚ್ಚಿಬಿಡುತ್ತಿದ್ದ, ತುಟಿ ಬಿಗಿದು, ಕಣ್ಣಲ್ಲೇ ನಕ್ಕು — ಬೇಡ, ಅದು ಬೇಡ, ಆ ಮುಚ್ಚಿದ ಬಾಯಿ ಈಗ ಬೇಡ, ಪ್ರಾಸೆಸರ್ ನೋಡು.

ಕರೆಂಟು ಹೋಯಿತು. ಮಳಿಗೆಯ ಫ್ಯಾನುಗಳೆಲ್ಲ ಒಟ್ಟಿಗೆ ಉಸಿರು ಬಿಟ್ಟವು, ಕೆಳಗಿನ ಮಹಡಿಯಲ್ಲಿ ಯಾರೋ ಜನರೇಟರಿನ ಹಗ್ಗ ಎಳೆಯುತ್ತಿದ್ದಾರೆ, ಮುಗೆರ್ವಾ ಫೋನಿನ ಬೆಳಕು ಹಚ್ಚಿ ಎರಡೂ ಪ್ರಾಸೆಸರ್ ಮೇಲೆ ಹಿಡಿದ, ಹೆದರಬೇಡಿ ನ್ಯಾಬೋ, ಓಡಿಹೋಗಲ್ಲ ಇವು, ಅಂದ, ಕತ್ತಲೆಯಲ್ಲಿ ಬೆಳ್ಳಿ ಚೌಕಗಳೆರಡು, ಮತ್ತೆ ಅದೇ ಬಂತು, ತಡೆಯಲಾಗಲಿಲ್ಲ, ಡಾಕ್ಟರ ಹತ್ತಿರ ಹೋಗುವ ಮೊದಲಿನ ಆ ಭಾನುವಾರದ ಮಧ್ಯಾಹ್ನ, ಕೊಟ್ಟಿಗೆ ತುಂಬಿತ್ತು, ಹಲಗೆಯ ಸಂದಿಗಳಿಂದ ಬಿಸಿಲು ಗೆರೆಗೆರೆಯಾಗಿ ಬೀಳುತ್ತಿತ್ತು, ನಾಯಕನ ಮುದಿ ತಾಯಿ ಬಾಗಿಲಲ್ಲಿ ನಿಂತಿದ್ದಾಳೆ, ಮಗ ಯುದ್ಧಕ್ಕೆ ಹೊರಟಿದ್ದಾನೆ, ಆಗ ಕರೆಂಟು ಹೋಯಿತು, ಪರದೆ ಕಪ್ಪಾಯಿತು, ಬೇರೆ ವೀಜೇಗಳಾದರೆ ಬೈದುಕೊಂಡು ಎದ್ದು ಸಿಗರೇಟು ಹಚ್ಚುತ್ತಾರೆ, ಜನ ದುಡ್ಡು ವಾಪಸು ಕೇಳುತ್ತಾರೆ, ಅಪ್ಪ ಹಾಗಲ್ಲ, ಕತ್ತಲೆಯಲ್ಲೂ ಕಥೆ ಮುಂದುವರಿಸುತ್ತಾನೆ, ಮೈಕಿಗೆ ಹಳೆಯ ಕಾರಿನ ಬ್ಯಾಟರಿ ಇದೆ, ಪರದೆ ಇಲ್ಲದಿದ್ದರೆ ಏನಂತೆ, ಸಿನಿಮಾ ನಿಮ್ಮ ತಲೇಲಿ ಓಡಿಸ್ಕೊಳ್ಳಿ, ಅನ್ನುತ್ತಾನೆ, ಕರೆಂಟು ಬರುವವರೆಗೆ ತನ್ನದೇ ಸಿನಿಮಾ ಹೇಳುತ್ತಾನೆ, ಎಷ್ಟೋ ಸಲ ಜನ ಕರೆಂಟು ಬಂದಾಗ ಬೇಡ ಬೇಡ ಕಿಬುಯಾಗನೇ ಹೇಳಲಿ ಅಂದದ್ದುಂಟು — ಅವತ್ತೂ ಭುಜ ಎದ್ದಿತು, ಅವಳು ನೋಡಿದಳು, ಭುಜ ಎದ್ದಿತು, ಮಾತು ಬರಲಿಲ್ಲ. ಹಲಗೆ ಉಜ್ಜಿದಂಥ ಒಂದು ಸದ್ದು, ಅಷ್ಟೇ. ಮತ್ತೊಮ್ಮೆ ಎದ್ದಿತು, ಮತ್ತೆ ಬರಲಿಲ್ಲ, ಕೊಟ್ಟಿಗೆಯಲ್ಲಿ ಯಾರೋ ಕೆಮ್ಮಿದರು, ಎಲ್ಲರೂ ಕಾಯುತ್ತಿದ್ದಾರೆ, ಮೇಜಿನ ಮೇಲೆ ಮೈಕು ಸರಿದು ಬಂತು ಅವಳ ಕೈ ಹತ್ತಿರಕ್ಕೆ, ಅವನೇ ತಳ್ಳಿದ್ದು, ಅವಳು ಯೋಚನೆ ಮಾಡಲಿಲ್ಲ, ಮಾಡಿದ್ದರೆ ಮುಟ್ಟುತ್ತಿರಲಿಲ್ಲ, ಹೋಗ್ತೀಯಾ ಹೋಗು ಮಗನೇ, ಅಂದಳು, ಬಾಗಿಲ ಮುದುಕಿಯಾಗಿ, ಹೋಗು, ಒಲೆ ಮೇಲೆ ಗೆಣಸಿಟ್ಟಿದೀನಿ, ತಿಂದು ಹೋದ್ರೆ ಯುದ್ಧವೇನೂ ಓಡಿಹೋಗಲ್ಲ. ಆಮೇಲೆ ಒಂದು ಹೆಂಗಸು, ಹಿಂದಿನ ಸಾಲಿನಿಂದ, ಅಯ್ಯೋ ನಮ್ಮಮ್ಮ ಅನ್ನೋ ಹಾಗೇ ಇದೆ, ಅಂದಳು, ಮೆಲ್ಲಗೆ.

ಆಗಲೇ ಕರೆಂಟು ಬಂದದ್ದು, ಪರದೆಯ ಬೆಳಕು ಅಪ್ಪನ ಮುಖಕ್ಕೆ ಬಿತ್ತು, ಅವನ ಬಾಯಿ ಮುಚ್ಚಿತ್ತು. ಹಗಲೂ ರಾತ್ರಿ ತೆರೆದೇ ಇರುತ್ತಿದ್ದ ಬಾಯಿ, ನಿದ್ದೆಯಲ್ಲೂ ಗೊಣಗುವ ಬಾಯಿ, ಮುಚ್ಚಿತ್ತು, ನೋವಿನಿಂದಲ್ಲ, ಸಿಟ್ಟಿನಿಂದಲ್ಲ, ದೂರದಿಂದ ಮೂಟೆ ಹೊತ್ತು ಬಂದವನು ಇಳಿಸಿದ ಹಾಗೆ, ಅದನ್ನು ನೋಡಿದ್ದೇ ಅವಳು ಮೈಕು ಅವನ ಕಡೆ ತಳ್ಳಿಬಿಟ್ಟಳು, ಕಾದ ಬಾಣಲೆ ಮುಟ್ಟಿದವಳ ಹಾಗೆ, ಅವನು ತೆಗೆದುಕೊಂಡ, ನೀರು ಕುಡಿದು ಕೀರಲು ದನಿಯಲ್ಲೇ ಸಿನಿಮಾ ಮುಗಿಸಿದ, ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ, ಎತ್ತಿದರೆ ಅದು ನಿಜವಾಗುತ್ತದೆ, ನಾನು ಬಾಯಿ ತೆರೆದರೆ ಅವನದು ಮುಚ್ಚುತ್ತದೆ, ಹೀಗೆಂದು ಯಾರೂ ಹೇಳಿಲ್ಲ, ಆದರೆ ಅವಳಿಗೆ ಗೊತ್ತು, ಅವಳು ಆ ಮೈಕನ್ನು ಮತ್ತೆ ಮುಟ್ಟದಿದ್ದರೆ ಅಪ್ಪ ಇನ್ನೂ ವೀಜೇ, ಅವನ ಜಾಗ ಅವನದೇ, ಗಡ್ಡೆ ಪಾಡಿಗೆ ಗಡ್ಡೆ, ಅದಕ್ಕೇ ಸರ್ವರ್ ಬೇಕು, ಇಪ್ಪತ್ತಲ್ಲ ನಲವತ್ತು ಜನ ಬೇಕಾದರೂ ಕೂತು ತೊಳೆಯಲಿ, ಹಗಲೂ ರಾತ್ರಿ ತೊಳೆಯಲಿ, ಮತ್ತೆ ಹೆಂಗಸು ವೀಜೇ ಅಂದರೆ ಏನಂದಾರು, ಎರಡನೆಯ ಸಾಲಿನ ಆ ಹಲಗೆ ವ್ಯಾಪಾರಿ ಸುಮ್ಮನಿರುತ್ತಾನೆಯೇ, ಹೋಗಮ್ಮ ಹೋಗಿ ಗೆಣಸು ಬೇಯಿಸು ಅನ್ನುವುದಿಲ್ಲವೇ.

ದೊಡ್ಡದೇ ಕೊಡಿ, ವೀಜೇ ಕೆಲಸಕ್ಕೆ, ಅಂದಳು ಮುಗೆರ್ವಾಗೆ, ಸರಿ, ಅಂದ ಅವನು, ಡಬ್ಬಿ ಹುಡುಕಲು ಬಗ್ಗಿದ, ಬಗ್ಗಿದವನು ಅಲ್ಲಿಂದಲೇ, ಒಂದ್ ಮಾತು ಹೇಳ್ಬಿಡ್ತೀನಿ ನ್ಯಾಬೋ, ಆಮೇಲೆ ಬಂದು ಮುಗೆರ್ವಾ ಮೋಸ ಮಾಡಿದ ಅನ್ಬೇಡಿ, ಇದಕ್ಕೆ ತನ್ನಷ್ಟಕ್ಕೆ ಚಿತ್ರ ತೋರ್ಸೋಕೆ ಬರಲ್ಲ, ಕಾರ್ಡು ಬೇರೆ ಹಾಕ್ಬೇಕು, ಅದು ಹಾಕಿದ್ರೂನು ಸಿನಿಮಾ ಓಡಿಸ್ತಾ ಅದೇ ಹೊತ್ತಿಗೆ ಮೈಕೂ ಹಿಡೀತೀನಿ ಅಂದ್ರೆ ಈ ಮುದುಕ ತಡವರಿಸ್ತಾನೆ, ಅದಕ್ಕೆ ಬೋಡಾನೇ ಸರಿ, ಅಂದ, ನಿಮ್ಮದು ಕೊಟ್ಟಿಗೇಲಿ ಓಡಿಸೋಕಾ, ಅಂದ. ಕೊಟ್ಟಿಗೆಯ ಹಳೆಯ ಯಂತ್ರವೂ ಸಾಯುವ ಮೊದಲು ತಡವರಿಸುತ್ತಿತ್ತು, ಪರದೆಯ ಮೇಲೆ ಮನುಷ್ಯ ಬಿದ್ದು ಸತ್ತ ಮೇಲೆ ಗುಂಡಿನ ಸದ್ದು ಬರುತ್ತಿತ್ತು, ಪೊಲೀಸರು ನಿಜಕ್ಕೂ ಹೀಗೇ ಮಾಡೋದು, ಮೊದಲು ಸಾಯಿಸಿ ಆಮೇಲೆ ಗುಂಡು ಹೊಡೆದೆ ಅಂತಾರೆ, ಅಂದುಬಿಟ್ಟಿದ್ದ ಅಪ್ಪ, ಅವನಿದ್ದ, ತಪ್ಪು ಮುಚ್ಚಿದ, ಅವನಿಲ್ಲದಿದ್ದರೆ ಯಾರು ಮುಚ್ಚುತ್ತಾರೆ — ಕೇಳಿಬಿಡುವುದು, ಅಪ್ಪನನ್ನೇ ಕೇಳಿಬಿಡುವುದು, ನನ್ನ ತಲೆ ಕೆಟ್ಟಿದೆ, ಒಂದ್ ನಿಮಿಷ ಸೆಬೋ, ಸ್ವಾಮಿ, ಅಂದು ಮುಗೆರ್ವಾಗೆ, ಫೋನು ತೆಗೆದಳು, ಅಪ್ಪನ ಹೆಸರು ಒತ್ತಿದಳು, ಅವನು ಎತ್ತಿದ ಕೂಡಲೇ ಅವಳ ಮೊಣಕಾಲುಗಳು ತಾವಾಗಿಯೇ ಮಡಚಿಕೊಂಡವು, ಆ ಧೂಳಿನ ನೆಲದಲ್ಲಿ, ತಂತಿಯ ಸಿಂಬಿಗಳ ನಡುವೆ, ಅಪ್ಪನಿಗೆ ನಮಸ್ಕಾರ ಹೇಳುವಾಗ ನಿಂತಿರುವುದು ಅವಳ ಮೈಗೆ ಗೊತ್ತೇ ಇಲ್ಲ, ಫೋನಿನಲ್ಲಾದರೂ ಅಷ್ಟೇ, ಮುಗೆರ್ವಾ ಇದನ್ನು ದಿನಾ ನೋಡುವವನು, ಕುರ್ಚಿ ಸರಿಸಿ ಜಾಗ ಮಾಡಿದ.

ಹಗಲು ಹೇಗೆ ಕಳೀತು ಸೆಬೋ, ಅಂದಳು, ಚೆನ್ನಾಗಿ ಕಳೀತು ಮಗಳೇ, ನಿಂದು ಹೇಗೆ ಕಳೀತು, ಅಲ್ಲೆಲ್ಲ ನೆಮ್ಮದಿಯಾ, ಅಂದ, ನೆಮ್ಮದಿ, ಅಂದಳು, ಮ್ಮ್, ಅಂದ ಅವನು, ಮ್ಮ್, ಅಂದಳು ಅವಳು, ಮ್ಮ್, ಮತ್ತೆ ಅವನು, ನಮಸ್ಕಾರದ ಕೊನೆಯಲ್ಲಿ ಮಾತು ಮುಗಿದು ಉಳಿಯುವ ಈ ಮ್ಮ್, ಇದು ಯಾವ ಸಿನಿಮಾದಲ್ಲೂ ಇಲ್ಲ, ಇದೇ ಮನೆಯ ದನಿ, ರೆಕಾರ್ಡು ಒತ್ತಬೇಕು, ಎಲ್ಲಿ ಒತ್ತುವುದು, ಕಿವಿಯಿಂದ ಫೋನು ತೆಗೆದರೆ ಮಾತು ಹೋಗುತ್ತದೆ, ತೆಗೆಯದಿದ್ದರೆ ಅದೂ ಹೋಗುತ್ತದೆ, ಅಪ್ಪ, ಎರಡಿವೆ, ಅಂದುಬಿಟ್ಟಳು, ಒಂದು ಬೇಗದ್ದು, ಒಂದು ಗಟ್ಟಿ, ಗಟ್ಟಿಯದು ತಗೊಂಡ್ರೆ ನಿಮ್ಮ ಹಳೇ ಸಿನಿಮಾ ಎಲ್ಲ ತೊಳೆದು, ಆಮೇಲೆ ಅದೇ ನಿಮ್ಮ ಹಾಗೆ — ಅದ್ರಲ್ಲಿ ಮಾತಾಡೋದು ಯಾರು, ಅಂದ ಅಪ್ಪ. ನೀವೇ, ನಿಮ್ಮ ದನಿ, ಅಂದಳು. ನಾನು ಶುಕ್ರವಾರ ಮುಗಿಸ್ತೀನಲ್ಲ, ಅಂದ, ಏನೋ ಅಂಗಡಿ ಬಾಗಿಲು ಹಾಕುವ ಹಾಗೆ, ಕೇಳಿಲ್ಲಿ, ಕೊಟ್ಟಿಗೆ ಮುಂದೆ ಬೋರ್ಡು ಬರೆಸಿ ಬಂದೆ ಈಗ, ಭಾನುವಾರದ್ದು, ಏನು ಬರೆಸಿದ್ರಿ, ಅಂದಳು, ಗೊತ್ತಿತ್ತು ಅವಳಿಗೆ, ಕೇಳುವ ಮೊದಲೇ ಗೊತ್ತಿತ್ತು, ಕಿಬುಯಾಗನ ಮಗಳು ಅಂತ, ದೊಡ್ಡಕ್ಷರದಲ್ಲಿ, ಅಂದ, ಆ ಹಲಗೆ ವ್ಯಾಪಾರಿ ಇಲ್ಲವಾ, ಅವನೇ ಬಣ್ಣ ತಂದುಕೊಟ್ಟ, ನನ್ನ ಹೆಸರು ಎಷ್ಟು ವರ್ಷ ಬೈಗುಳ ಮಾಡಿದಿರಿ, ಮಗಳೂ ಬೈತಾಳಾ ಇಲ್ವಾ ಅಂತ ಕೇಳ್ತಾ ಇದ್ದ.

ನಂಗಾಗಲ್ಲ ಅಪ್ಪ, ಅಂದಳು, ನೆಲ ನೋಡುತ್ತಾ, ನೆಲದಲ್ಲಿ ಒಂದು ಸಣ್ಣ ತಿರುಪು ಬಿದ್ದಿತ್ತು, ನಾನು ಮಾತಾಡಿದ್ರೆ ನೀವು — ಅಂದಳು, ಗಂಟಲಿನ ಕಾಯಿಲೆ ಅವನಿಗೋ ನನಗೋ, ಅಪ್ಪ ಕಾದ, ಅವನು ಕಾಯುವುದನ್ನು ಅವಳು ಯಾವತ್ತೂ ಕೇಳಿರಲಿಲ್ಲ, ಆಮೇಲೆ ಬಹಳ ಸಣ್ಣಗೆ, ಮೈಕಿಗಲ್ಲದ, ಕೋಳಿಯವನಿಗಲ್ಲದ ದನಿಯಲ್ಲಿ, ಅವರು ಕುಯ್ಯೋದು ಗಂಟಲನ್ನ ನಂಕ್ಯಾ, ಕಿವೀನಲ್ಲ, ಅಂದ, ಮಂಚದ ಮೇಲೆ ಬಿದ್ದಿರ್ತೀನಿ, ಮಾತಾಡೋ ಕೆಲಸ ಇರಲ್ಲ, ಫೋನು ನನ್ನ ಕಿವಿಗೆ ಇಡೋಕೆ ನರ್ಸಮ್ಮಂಗೆ ಹೇಳಿದೀನಿ, ನೀನು ನಿನ್ನ ಫೋನು ಮೇಜಿನ ಮೇಲೆ ಇಟ್ಟು ಶುರು ಮಾಡು, ಇಷ್ಟು ವರ್ಷ ನಾನೊಬ್ನೇ ಆ ಕೊಟ್ಟಿಗೇಲಿ ಸಿನಿಮಾ ಕೇಳದೇ ಇದ್ದೋನು, ಬರೀ ಹೇಳೋದೇ ಆಯ್ತು, ಒಂದಾದ್ರೂ ಕೂತು ಕೇಳ್ಬೇಕು ನಾನು, ಗೆಣಸಿನ ಮಾತು ಚೆನ್ನಾಗಿತ್ತು ಅವತ್ತು, ನಾನಾಗಿದ್ರೆ ಆ ಮುದುಕೀನ ಅಳಿಸಿಬಿಡ್ತಿದ್ದೆ.

ಲೈನು ಕಟ್ಟಾಯಿತೋ ಅವನೇ ಇಟ್ಟನೋ ತಿಳಿಯಲಿಲ್ಲ, ಅವಳು ಹಾಗೇ ಮೊಣಕಾಲೂರಿ ಕೂತಿದ್ದಳು, ರೆಕಾರ್ಡು ಒತ್ತಿರಲಿಲ್ಲ, ಒಂದಕ್ಷರವೂ ಉಳಿಯಲಿಲ್ಲ, ಅಷ್ಟೂ ಗಾಳಿಗೆ, ಅಷ್ಟೂ ಅವಳಿಗೆ, ಕಣ್ಣು ಒರೆಸಿಕೊಂಡಳು, ಸಿಟ್ಟೂ ಬಂತು, ನನ್ನನ್ನು ಒಂದು ಮಾತು ಕೇಳದೆ ಬೋರ್ಡು ಬರೆಸುತ್ತಾನಲ್ಲ, ಯಾರ ಮಗಳು ಅಂದುಕೊಂಡಿದ್ದಾನೆ, ಮುಗೆರ್ವಾ ದೊಡ್ಡದನ್ನು ಡಬ್ಬಿಗೆ ಹಾಕಿ ಅಂಟುಪಟ್ಟಿ ಹಲ್ಲಿನಲ್ಲಿ ಕಚ್ಚುತ್ತಿದ್ದಾನೆ, ಬೇಡ ಸೆಬೋ, ಅಂದಳು ಏಳುತ್ತಾ, ಅದು ಬೇಡ, ಚಿಕ್ಕದು ಕೊಡಿ, ಬೋಡಾ, ಭಾನುವಾರ ಸಿನಿಮಾ ಓಡಿಸ್ಬೇಕು ಮೈಕಿನ ಜೊತೆ, ತಡವರಿಸ್ಬಾರ್ದು, ಅವನು ಅವಳ ಮುಖ ನೋಡಿದ, ಅಂಟುಪಟ್ಟಿ ಬಿಚ್ಚಿದ, ಯಾರಪ್ಪಾ ಹೇಳೋದು ಈ ಸಲ, ಅಂದ ತನ್ನಷ್ಟಕ್ಕೆ, ಅವಳು ನಾನು ಅನ್ನಬೇಕೆಂದು ಬಾಯಿ ತೆರೆದಳು, ಬರಲಿಲ್ಲ, ಮತ್ತೆ ತೆರೆದಳು, ತನ್ನ ಭುಜ ಒಂದು ಚೂರು ಎದ್ದದ್ದು ಗೊತ್ತಾಯಿತು, ಕರೆಂಟು ಬಂತು, ಫ್ಯಾನುಗಳು ತಿರುಗತೊಡಗಿದವು, ಆ ಭಾನುವಾರವೂ ಹೀಗೇ ಕರೆಂಟು ಬಂತು, ಪರದೆಯ ಬೆಳಕು ಅಪ್ಪನ ಮುಖಕ್ಕೆ ಬಿತ್ತು, ಬಾಯಿ ಮುಚ್ಚಿತ್ತು, ಇಷ್ಟು ದಿನ ಅವಳು ಬಾಯಿಯೊಂದನ್ನೇ ನೋಡಿ ಹೆದರಿದ್ದಳು, ತಲೆ ನೋಡಿರಲಿಲ್ಲ, ತಲೆ ಸ್ವಲ್ಪ ವಾಲಿತ್ತು, ಅವಳ ಕಡೆಗೆ, ಕಿವಿ ಅವಳ ಕಡೆಗೆ, ಅವಳು ಮುದುಕಿಯ ಮುಂದಿನ ಮಾತು ಹೇಳಬೇಕಿತ್ತು, ಅಪ್ಪ ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದ, ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದ.